ಕೊಂಡವನೇ ಬಾಡಿಗೆದಾರ

ಇಪ್ಪತ್ತು ಸಾವಿರ ಎಣಿಸಿ ಕೊಂಡ ಫೋನು ನಿಮ್ಮದೇ, ಅನುಮಾನ ಬೇಡ. ಪರದೆ ಒಡೆದರೆ ನಿಮ್ಮದು, ಬ್ಯಾಟರಿ ಉಬ್ಬಿದರೆ ನಿಮ್ಮದು, ಕಂತು ತಪ್ಪಿದರಂತೂ ನೂರಕ್ಕೆ ನೂರು ನಿಮ್ಮದು. ಕಂಪನಿಯವರೇ ತುಂಬಿ ಕಳಿಸಿದ ಸಾಲದ ಆ್ಯಪನ್ನು ಕಿತ್ತೆಸೆಯಲು ಹೋದಾಗ ಮಾತ್ರ ವಿಷಯ ತಿಳಿಯುವುದು: ನೀವು ಬಾಡಿಗೆಗಿದ್ದೀರಿ, ಗೋಡೆಗೆ ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕು.

ಓನರುಗಳು ಕರುಣಾಳುಗಳೇ. ಶಿಯೋಮಿಯ ಹಲವು ಮಾಡೆಲ್‌ಗಳಲ್ಲಿ ಬೇರೆ ತಂತ್ರಾಂಶವನ್ನು ಒಳಬಿಡದ ಬೂಟ್‌ಲೋಡರ್ ಬೀಗ ತೆಗೆಯಲು ಖಾತೆ ತೆರೆದು, ಅರ್ಜಿ ಹಾಕಿ, 168 ಗಂಟೆ ಕಾಯಬೇಕಿತ್ತು. ಏಳು ದಿನ ಯೋಚಿಸಿಯೂ ಬುದ್ಧಿ ಬರದವರಿಗೆ ಮಾತ್ರ ಕೀಲಿ. ಹುವಾವೇ 2018ರಲ್ಲಿ ಕೀಲಿ ಕೊಡುವುದನ್ನೇ ನಿಲ್ಲಿಸಿ ಗ್ರಾಹಕರಿಗೆ ಕಾಯುವ ಕಷ್ಟ ತಪ್ಪಿಸಿತು. ಸ್ಯಾಮ್‌ಸಂಗ್ ಫೋನಿನೊಳಗೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸಿದೆ. ಬೇರೆ ತಂತ್ರಾಂಶ ಹಾಕಿದರೆ ಒಂದೇ ಸಲ ಸುಡುತ್ತದೆ. ಆಮೇಲೆ ಮೂಲ ತಂತ್ರಾಂಶವನ್ನೇ ಮರಳಿ ಹಾಕಿ ಕೈಮುಗಿದರೂ ಸೆಕ್ಯೂರ್ ಫೋಲ್ಡರ್ ತೆರೆಯದು. ಎಂಥೆಂಥ ಪಾಪಕ್ಕೂ ಪ್ರಾಯಶ್ಚಿತ್ತವಿರುವ ನಾಡಿನಲ್ಲಿ ಇದೊಂದಕ್ಕೆ ಇಲ್ಲ.

ಹಾಗಿದ್ದೂ ಬೀಗ ಒಡೆಯುವವರು ಒಡೆಯುತ್ತಾರೆ. ಕಂಪನಿ ಕೈಬಿಟ್ಟ ಫೋನಿಗೆ ಬದಲಿ ತಂತ್ರಾಂಶವಾದ ಲಿನೇಜ್‌ಓಎಸ್ ಹಾಕಿದರೆ ಹೊಸ ಆಂಡ್ರಾಯ್ಡ್ ಬರುತ್ತದೆ, ಭದ್ರತಾ ಪ್ಯಾಚ್ ಬರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಇಣುಕುವ ಜಾಹೀರಾತು ತೊಲಗುತ್ತದೆ. (ಚಿಪ್ ಕಂಪನಿಯೇ ಕೊಡಬೇಕಾದ ಫರ್ಮ್‌ವೇರ್ ಪ್ಯಾಚ್ ಇವರ ಕೈಗೂ ಎಟುಕದು, ಅದು ಬೇರೆ ಮಾತು.) ಸಾವಿರಾರು ಎಂಜಿನಿಯರುಗಳಿರುವ ಕಂಪನಿಗೆ ಆಗದ್ದು ಸಂಬಳವಿಲ್ಲದೆ ರಾತ್ರಿ ಕೂತ ಹುಡುಗರಿಗೆ ಆಗುತ್ತದೆ. ಕಂಪನಿಗೂ ಆಗಿಬಿಟ್ಟರೆ ನೀವು ಹೊಸ ಫೋನು ಕೊಳ್ಳುವುದು ಯಾವಾಗ?

ಲಿನೇಜ್‌ಓಎಸ್‌ನ ಮೂಲಪುರುಷ ಸಯನೋಜೆನ್‌ಮಾಡ್ 2009ರಲ್ಲಿ ಹುಟ್ಟಿತು. ಅದೇ ವರ್ಷ ಗೂಗಲ್ಲಿನ ನೋಟಿಸೂ ಬಂತು. ಆಮೇಲೆ ಅದೇ ಸಯನೋಜೆನ್ ಎಂಬ ಕಂಪನಿಯಾಯಿತು, ಭಾರತದ ಹಕ್ಕನ್ನು ಮೈಕ್ರೋಮ್ಯಾಕ್ಸಿಗೆ ಬರೆದುಕೊಟ್ಟಿತು. 2014ರ ಡಿಸೆಂಬರಿನಲ್ಲಿ ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಗಿ, ಅದೇ ಸಯನೋಜೆನ್ ಇದ್ದ ಒನ್‌ಪ್ಲಸ್ ಒನ್ ಮಾರಾಟಕ್ಕೆ ತಡೆ ತಂದಿತು. ಎಲ್ಲರ ಬೀಗ ಒಡೆಯಲು ಹುಟ್ಟಿದ ಸಾಫ್ಟ್‌ವೇರ್ ಯಾರ ಸ್ವತ್ತೆಂದು ವಕೀಲರು ವಾದಿಸಿದರು! ತಡೆ ಕೆಲವೇ ದಿನಗಳಲ್ಲಿ ತೆರವಾಯಿತು; 2016ರ ಕೊನೆಗೆ ಸಯನೋಜೆನ್ನೇ ಅಂಗಡಿ ಮುಚ್ಚಿತು.

ಅಪಾಯವೇನೂ ಸುಳ್ಳಲ್ಲ. ಬೀಗ ತೆಗೆದ ಕ್ಷಣ ಫೋನಿನಲ್ಲಿದ್ದ ಮಗುವಿನ ನಾಮಕರಣದ ಫೋಟೋವರೆಗೆ ಎಲ್ಲವೂ ಅಳಿಸಿಹೋಗುತ್ತದೆ. ಪಕ್ಕದ ಮಾಡೆಲಿನ ಫೈಲು ಹಾಕಿದರೆ ಫೋನೇ ಏಳುವುದಿಲ್ಲ. ಇನ್ನು ನಮ್ಮ ಕ್ರಾಂತಿಕಾರಿಗಳ ವಿವೇಕ ನೋಡಿ: ಗೂಗಲ್ ತನ್ನ ಮಾಹಿತಿ ಕದಿಯುತ್ತದೆಂದು ಕಿಡಿಕಾರುವವನು ಟೆಲಿಗ್ರಾಂ ಗುಂಪಿನ ಯಾವನೋ ಅನಾಮಿಕ ಮಹಾತ್ಮ ಕೊಟ್ಟ ಜಿಪ್ ಫೈಲನ್ನು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡುತ್ತಾನೆ. ಗೂಗಲ್ಲಿನಿಂದ ಪೂರಾ ಬಿಡುಗಡೆ ಬೇಕೆಂದವನು ಅಂಥದೇ ಇನ್ನೊಂದು ತಂತ್ರಾಂಶವಾದ ಗ್ರಾಫೀನ್‌ಓಎಸ್‌ಗಾಗಿ ಗೂಗಲ್ಲಿನದೇ ಪಿಕ್ಸೆಲ್ ಕೊಂಡಿರುತ್ತಾನೆ.

ಅಸಲು ಪರೀಕ್ಷೆ ಬ್ಯಾಂಕಿನದು. ಮೊನ್ನೆಯ ಪ್ಯಾಚ್ ಇರುವ ಲಿನೇಜ್‌ಓಎಸ್ ಫೋನು ಕಂಡರೆ ಹಲವು ಬ್ಯಾಂಕ್ ಆ್ಯಪುಗಳು ‘ಅಸುರಕ್ಷಿತ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ನಾಲ್ಕು ವರ್ಷದಿಂದ ಒಂದೂ ಪ್ಯಾಚ್ ಕಾಣದ, ಆದರೆ ಬೀಗ ಭದ್ರವಾಗಿರುವ ಫೋನಿನಲ್ಲಿ ನಗುನಗುತ್ತಾ ತೆರೆದುಕೊಳ್ಳುತ್ತವೆ. ಕೆಲವಕ್ಕೆ ಡೆವಲಪರ್ ಆಪ್ಷನ್ಸ್ ಆನ್ ಆಗಿದ್ದರೂ ಮೈಲಿಗೆ.

ಇದಕ್ಕೆ ಮದ್ದು ಮ್ಯಾಜಿಸ್ಕ್. ಫೋನಿನ ಮೇಲೆ ಪೂರ್ಣಾಧಿಕಾರ ಕೊಡಿಸುವ ಸಾಧನ ಅದು. ಆ ಅಧಿಕಾರ ನಿಮಗಿದೆಯೆಂಬುದನ್ನು ಬ್ಯಾಂಕಿನಿಂದ ಮುಚ್ಚಿಡುವ ಕೆಲಸವನ್ನೂ ಕೆಲ ವರ್ಷ ಅದೇ ಮಾಡುತ್ತಿತ್ತು. ಬ್ಯಾಂಕ್ ಆ್ಯಪುಗಳು ನೆಚ್ಚಿದ ತಪಾಸಣೆಯನ್ನು ಗೂಗಲ್ ಬಿಗಿ ಮಾಡಿದಾಗಲೆಲ್ಲ ಮುಚ್ಚಿಡುವ ಹೊಸ ಉಪಾಯ ಹುಡುಕಬೇಕು. ಬೇಸತ್ತವರು ಯುಪಿಐಗೆಂದೇ ಬೀಗ ಒಡೆಯದ ಇನ್ನೊಂದು ಫೋನು ಕೊಳ್ಳುತ್ತಾರೆ. ಬಂಡಾಯವೆದ್ದ ಪ್ರತಿ ಗ್ರಾಹಕನಿಂದ ಕಂಪನಿಗಳಿಗೆ ಎರಡು ಫೋನಿನ ವ್ಯಾಪಾರ.