ಟಿಕೆಟ್ ಹಾಕಿ, ನೋಡೋಣ

ಸಿಸ್ಟಮ್ ಅಡ್ಮಿನ್ ಎಂದರೆ ಕಚೇರಿಯ ಕಂಪ್ಯೂಟರುಗಳನ್ನೂ ಅವುಗಳೊಳಗಿನ ಫೈಲುಗಳನ್ನೂ ಕಾಯುವವರು. ಇವರಲ್ಲಿ ಹಲವು ತಳಿಗಳುಂಟು. ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆಯಲೆಂದೇ ಹುಟ್ಟಿದವರು, ಪಾಸ್‌ವರ್ಡ್ ಬದಲಿಸಿಕೊಟ್ಟು ಮಾಯವಾಗುವವರು, ಏನೇ ಕೇಳಿದರೂ ‘ರೀಸ್ಟಾರ್ಟ್ ಮಾಡಿ ನೋಡಿ’ ಎನ್ನುವವರು. ಇವರೆಲ್ಲರಿಗಿಂತ ಗಟ್ಟಿ ತಳಿಯೊಂದಿದೆ: ಆರ್ಕೈವ್ ಸೇರಿದ ಹಳೆಯ ಫೈಲುಗಳ ಮೇಲೆ ಯಾರಿಗೆ ಯಾವ ಅನುಮತಿ ಇದೆ ಎಂದು ನೋಡುವುದರಲ್ಲೇ ಜೀವನದ ತೃಪ್ತಿ ಕಾಣುವ ಅಡ್ಮಿನ್. ಬೆಂಗಳೂರಿನಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡ ಕಚೇರಿಗಳಲ್ಲಿ ಇವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಗುರುತಿಸುವುದೂ ಸುಲಭ. ಸರ್ವರ್ ಕೋಣೆಯ ಪಕ್ಕದ ಮೇಜು, ಏಪ್ರಿಲ್ ತಿಂಗಳಲ್ಲೂ ಸ್ವೆಟರ್, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಮೌಸ್ ಮುಟ್ಟುವವರನ್ನು ಕಂಡರೆ ತುಸು ಕನಿಕರ. ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು ಸಿಸ್ಟಮ್ ಅಡ್ಮಿನ್‌ಗಳಿಗೆ ಕೃತಜ್ಞತೆ ಹೇಳುವ ದಿನವೆಂದು ಆಚರಿಸುವ ರೂಢಿ 2000ದಿಂದ ಇದೆ; ಕಚೇರಿಯಲ್ಲಿ ಅದು ನೆನಪಿರುವುದು ಇವರೊಬ್ಬರಿಗೇ.

ಇವರ ವಿದ್ಯೆಯ ಮೂಲ ಯುನಿಕ್ಸ್ ಪದ್ಧತಿ. ಅದರಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಮಿಕ್ಕವರೆಲ್ಲ ‘ಇತರರು’. ಓದುವ ಹಕ್ಕಿಗೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1. ಕೂಡಿದರೆ ಒಬ್ಬೊಬ್ಬರ ಪಾಲಿಗೆ ಒಂದೊಂದು ಅಂಕಿ. 640 ಎಂದರೆ ಒಡೆಯ ಓದಬಹುದು, ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಬಂದ ದಾರಿಗೆ ಸುಂಕವಿಲ್ಲ. 777 ಎಂದರೆ ಎಲ್ಲರಿಗೂ ಎಲ್ಲವೂ. ಅವಸರದಲ್ಲಿ ಯಾರೋ 777 ಕೊಟ್ಟು ಮರೆತ ಫೋಲ್ಡರ್ ಸಿಕ್ಕ ದಿನ ಇಡೀ ವಿಭಾಗಕ್ಕೆ ಒಂದು ಇಮೇಲ್ ಬರುತ್ತದೆ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಹಳೆಯ ಫೈಲುಗಳನ್ನು ಗಂಟು ಕಟ್ಟುವುದು ಟಾರ್ ಎಂಬ ಉಪಕರಣ. ಟೇಪಿಗೆ ಬರೆಯಲೆಂದು 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಂದಿಗೆ ಬಂದದ್ದು, ಇನ್ನೂ ಬಳಕೆಯಲ್ಲಿದೆ. ಫೈಲಿನ ಜೊತೆಗೆ ಒಡೆಯನ ಹೆಸರು, ಸಂಖ್ಯೆ, ಗುಂಪು, ಅನುಮತಿ, ತಾರೀಕು ಎಲ್ಲವನ್ನೂ ಅದು ಒಳಗೇ ಬರೆದಿಡುತ್ತದೆ. ಟಾರ್ ಎಂದು ಟೈಪಿಸಿ, ಮುಂದೆ ‘ಟಿ, ವಿ, ಎಫ್’ ಎಂಬ ಮೂರಕ್ಷರವನ್ನೂ ಗಂಟಿನ ಹೆಸರನ್ನೂ ಕೊಟ್ಟರೆ ಗಂಟು ಬಿಚ್ಚದೆಯೇ ಇದರಲ್ಲಿ ಬಹುಪಾಲನ್ನು ನೋಡಬಹುದು. ಆದರೆ ಒಳಗಿನ ಅನುಮತಿ ಬರೀ ಬರಹ. ಗಂಟನ್ನೇ ಓದಬಲ್ಲವರು ಅದನ್ನು ತಮ್ಮ ಫೋಲ್ಡರಿನಲ್ಲಿ ಬಿಚ್ಚಿಕೊಂಡರೆ ಎಲ್ಲಕ್ಕೂ ತಾವೇ ಒಡೆಯರಾಗುತ್ತಾರೆ. ಇದು ತಿಳಿದಿರುವ ಅಡ್ಮಿನ್ ಇಡೀ ಗಂಟಿಗೇ 600 ಜಡಿದು ರೂಟ್ ಹೆಸರಿನಲ್ಲಿ ಇಟ್ಟಿರುತ್ತಾರೆ. ರೂಟ್ ಎಂದರೆ ಬಳಕೆದಾರ ಸಂಖ್ಯೆ 0, ಯಾವ ಅನುಮತಿಯೂ ತಡೆಯದ ಖಾತೆ, ಅಂದರೆ ಅಡ್ಮಿನ್ನೇ.

ಈ ಏರ್ಪಾಟಿನ ಫಲ ಆಡಿಟ್ ಕಾಲದಲ್ಲಿ ಕಾಣುತ್ತದೆ. ಆಡಿಟರು 2016ರ ಸಂಬಳದ ಪಟ್ಟಿ ಕೇಳುತ್ತಾರೆ. ಲೆಕ್ಕ ವಿಭಾಗದ ಬಡಪಾಯಿಯೊಬ್ಬರು ಅಡ್ಮಿನ್ ಬಳಿಗೆ ಹೋಗುತ್ತಾರೆ. ಮೂರಕ್ಷರದ ಮಂತ್ರ ನಡೆಯುತ್ತದೆ, ಪರದೆ ತುಂಬ ಸಾಲುಗಳು ಹರಿಯುತ್ತವೆ, ಬೆರಳು ಒಂದರ ಮೇಲೆ ನಿಲ್ಲುತ್ತದೆ.

“ಇದೆ ಸಾರ್, ನೋಡಿ.”

“ಅಬ್ಬ! ತೆಗೆದುಕೊಡಿ ಹಾಗಾದ್ರೆ.”

“ಕೊಡೋಕಾಗಲ್ಲ ಸಾರ್. ನೀವು ಈ ಗ್ರೂಪಲ್ಲಿ ಇಲ್ವಲ್ಲ.”

“ಯಾರಿದಾರೆ ಅದರಲ್ಲಿ?”

“ಈಗ ಯಾರೂ ಇಲ್ಲ.”

“ಓನರು?”

“ಕೆಲಸ ಬಿಟ್ಟು ಹೋದ್ರು.”

“ಮತ್ತೆ ಇದನ್ನ ಓದೋರು ಯಾರ್ರೀ?”

“ನಾನು ಓದಬಹುದು ಸಾರ್. ಆದ್ರೆ ನಾನು ಓದಲ್ಲ. ಟಿಕೆಟ್ ಹಾಕಿ, ನೋಡೋಣ.”

ಟಿಕೆಟ್, ಅಂದರೆ ಕಂಪ್ಯೂಟರಿನಲ್ಲೇ ಸಲ್ಲಿಸುವ ಕೋರಿಕೆ, ಹಾಕಲಾಗುತ್ತದೆ. ಅದಕ್ಕೆ ಮ್ಯಾನೇಜರ ಒಪ್ಪಿಗೆ ಬೇಕು. ಮ್ಯಾನೇಜರು ಧರ್ಮಸ್ಥಳಕ್ಕೆ ಹೋಗಿರುತ್ತಾರೆ. ಅವರು ಬರುವಷ್ಟರಲ್ಲಿ, ಉತ್ತರ ಬಾರದ ಕಾರಣ ಟಿಕೆಟ್ ತಾನಾಗಿ ಮುಚ್ಚಿಕೊಂಡಿರುತ್ತದೆ. ಮತ್ತೊಂದು ಹಾಕಬೇಕು. ಈ ಮಧ್ಯೆ ಆಡಿಟರು ದಿನಕ್ಕೆರಡು ಬಾರಿ ಫೋನ್ ಮಾಡುತ್ತಾರೆ. ‘ಫೈಲಿದೆ, ಕಣ್ಣಾರೆ ಕಂಡಿದ್ದೇವೆ, ಓದುವ ಹಾಗಿಲ್ಲ’ ಎಂಬ ಸತ್ಯವನ್ನು ಯಾವ ಆಡಿಟರೂ ನಂಬಿದ ದಾಖಲೆಯಿಲ್ಲ. ಉದಾಹರಣೆ ಅಗತ್ಯಕ್ಕಿಂತ ಉದ್ದವಾಯಿತೆಂದೂ ಅದರಲ್ಲಿ ಅನುಭವದ ವಾಸನೆ ಇದೆಯೆಂದೂ ಅನ್ನಿಸಿದರೆ, ಅದು ಓದುಗರ ತಪ್ಪಲ್ಲ.

ಕೊನೆಗೆ ಒಪ್ಪಿಗೆ ಬಂದು ಗಂಟು ಬಿಚ್ಚಿದ ಮೇಲೂ ಇವರು ಫೈಲನ್ನು ಕೈಬಿಡುವುದಿಲ್ಲ. ಮತ್ತೊಮ್ಮೆ ಅನುಮತಿ ನೋಡುತ್ತಾರೆ. ಕಾಯುತ್ತ ನಿಂತವರಿಗೆ ಇದು ಕಿರುಕುಳವೆನಿಸಿದರೂ ಕಾರಣವಿದೆ. ರೂಟ್ ಬಿಚ್ಚಿದಾಗ ಟಾರ್ ಹಳೆಯ ಒಡೆಯನನ್ನೇ ಹುಡುಕುತ್ತದೆ. ಆ ಹೆಸರಿನ ಖಾತೆ ಅಳಿದುಹೋಗಿದ್ದರೆ ಸಂಖ್ಯೆಯನ್ನು ಹಿಡಿಯುತ್ತದೆ. ಅದೇ ಸಂಖ್ಯೆಯನ್ನು ನಡುವೆ ಬೇರೊಬ್ಬರಿಗೆ ಕೊಟ್ಟಿದ್ದರೆ, ಮೊನ್ನೆ ಸೇರಿದ ಟ್ರೈನಿ ಹುಡುಗ ಇಡೀ ಕಚೇರಿಯ 2016ರ ಸಂಬಳದ ಪಟ್ಟಿಗೆ ಸದ್ದಿಲ್ಲದೆ ಒಡೆಯನಾಗಿಬಿಡುತ್ತಾನೆ. ಅಡ್ಮಿನ್ ಇದನ್ನು ಕಂಡು, ತಿದ್ದಿ, ಏನೂ ಆಗಿಲ್ಲವೆಂಬಂತೆ ಕಾಫಿಗೆ ಹೋಗುತ್ತಾರೆ. ಇವರನ್ನು ಬೈಯುವವರು ಬಾಯಿ ಮುಚ್ಚಿಕೊಳ್ಳಬೇಕಾದ ಸಂದರ್ಭ ಇದೊಂದೇ. ಅದೂ ಆಗಾಗ ಬರುತ್ತದೆ ಎಂಬುದೇ ಬೇಸರ.

ಹಳ್ಳಿಯ ಲೆಕ್ಕವೆಲ್ಲ ಕಡತದಲ್ಲಿಟ್ಟು ಕಂಕುಳಲ್ಲಿ ಹೊತ್ತು ತಿರುಗುತ್ತಿದ್ದ ಶಾನುಭೋಗರ ವಂಶಕ್ಕೆ ಇವರನ್ನು ಸೇರಿಸುವವರಿದ್ದಾರೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಗತ್ತನ್ನು ರದ್ದು ಮಾಡುವ ಕಲಮು ಅದರಲ್ಲಿ ಇರಲಿಲ್ಲ. ಆದರೂ ಹೋಲಿಕೆ ಪೂರ್ತಿ ಸರಿಯಲ್ಲ. ಶಾನುಭೋಗರು ಕಡತದ ಒಂದೊಂದು ಸಾಲನ್ನೂ ಬಲ್ಲವರು. ಈ ಅಡ್ಮಿನ್ ಎಲ್ಲರ ಸಂಬಳ, ರಾಜೀನಾಮೆ, ಶೋಕಾಸ್ ನೋಟಿಸುಗಳ ಮೇಲೆ ಕೂತಿದ್ದೂ ಒಂದನ್ನೂ ತೆರೆಯದವರು. ಕಚೇರಿಯ ಸುದ್ದಿಗಳೆಲ್ಲ ಇವರಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ.

ಇವರಿಗೆ ಕಾಣುವುದು ಹೆಸರುಗಳು. ಗಂಟಿನ ಪಟ್ಟಿಯಲ್ಲಿ ಟಾರ್ ತೋರಿಸುವುದು ಕಟ್ಟಿದ ದಿನದ ಹೆಸರನ್ನೇ. ನಿವೃತ್ತರಾದವರು, ಅಮೆರಿಕಕ್ಕೆ ಹೋದವರು, ತೀರಿಕೊಂಡವರು, ಅಲ್ಲಿ ಇನ್ನೂ ತಂತಮ್ಮ ಫೈಲಿಗೆ ಒಡೆಯರು. ಎಚ್‌ಆರ್ ವಿಭಾಗ ಮರೆತವರನ್ನೂ ಇವರು ಗುರುತು ಹಿಡಿಯುತ್ತಾರೆ. “ಇವರು ಒಂದು ಫೈಲಿಗೂ ತಪ್ಪು ಪರ್ಮಿಷನ್ ಕೊಟ್ಟವರಲ್ಲ ಸಾರ್” ಎನ್ನುವುದು ಇವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ.

ಇಂಥ ಅಡ್ಮಿನ್‌ರಿಂದ ಹಳೆಯ ಫೈಲು ಬೇಕಾದವರು ಟಿಕೆಟ್‌ನಲ್ಲಿ ಫೈಲಿನ ಪೂರ್ತಿ ಹೆಸರು, ವರ್ಷ, ಒಪ್ಪಿಗೆ ಕೊಡುವವರು ಯಾರು, ಎಷ್ಟು ದಿನಕ್ಕೆ ಬೇಕು ಎಂಬುದನ್ನು ಬರೆಯಬೇಕು. ಮ್ಯಾನೇಜರು ಊರಿನಲ್ಲಿರುವುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ‘ಅರ್ಜೆಂಟ್’ ಎಂದು ಮಾತ್ರ ಬರೆಯಬಾರದು. ಆ ಮಾತಿರುವ ಟಿಕೆಟ್ ಸಾಲಿನ ಕೊನೆಗೆ ಹೋಗುತ್ತದೆ.