ಕೋಟು, ಕುರ್ಚಿ ಮತ್ತು ದೀಪ: ಸರ್ಕಾರಿ ಬೆಳಕಿನ ತರ್ಕಮೀಮಾಂಸೆ

ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ವ್ಯಾಪ್ತಿಯನ್ನು ನಂಬಿಕೊಂಡು ನಮ್ಮ ನೈಯಾಯಿಕರು ಶತಮಾನಗಳ ಕಾಲ ನೆಮ್ಮದಿಯಾಗಿದ್ದರು. ಅವರಿಗೆ ಸರ್ಕಾರಿ ಕಚೇರಿಯ ಪರಿಚಯವಿರಲಿಲ್ಲ. ಇದ್ದಿದ್ದರೆ ಪರ್ವತದ ಜಾಗದಲ್ಲಿ ಕೊಠಡಿಯನ್ನೂ ಹೊಗೆಯ ಜಾಗದಲ್ಲಿ ಟ್ಯೂಬ್‌ಲೈಟನ್ನೂ ಇಟ್ಟು, ಎಲ್ಲಿ ದೀಪವೋ ಅಲ್ಲಿ ಸಾಹೇಬರು ಎಂಬ ಹೊಸ ವ್ಯಾಪ್ತಿಯನ್ನು ಅವರು ಪರೀಕ್ಷೆಗೊಡ್ಡಬೇಕಾಗುತ್ತಿತ್ತು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರು ದಿನವೂ ಮಾಡುವ ಅನುಮಾನ ಇದೇ: ಒಳಗೆ ಇಣುಕಿದರೆ ಉರಿಯುವ ದೀಪ, ತಿರುಗುವ ಫ್ಯಾನು, ಕುರ್ಚಿಯ ಬೆನ್ನಿಗೆ ತಗುಲಿಹಾಕಿದ ಕೋಟು ಕಾಣುತ್ತವೆ, ಈ ಮೂರು ಕುರುಹುಗಳಿಂದ ಸಾಹೇಬರು ಊರಲ್ಲೇ ಇದ್ದಾರೆಂಬುದು ಸಿದ್ಧವಾಗುತ್ತದೆ, ಉಳಿದ ಸಂಶಯವನ್ನು ಜವಾನ ‘ಈಗ ಬಂದ್‌ಬಿಡ್ತಾರೆ’ ಎಂಬ ಶಬ್ದಪ್ರಮಾಣದಿಂದ ಪರಿಹರಿಸುತ್ತಾನೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಲ್ಲಿಂದ ಹುಟ್ಟುತ್ತದೆ. ಸಾರ್ವಜನಿಕ ಕಟ್ಟಡದಲ್ಲಿ ದೀಪವು ಹಾಜರಾತಿಯ ಸಾಧನ. ಅದರಿಂದ ಬೀಳುವ ಬೆಳಕು ಆನುಷಂಗಿಕ ಫಲ ಮಾತ್ರ. ಇಂಧನ ಉಳಿತಾಯದ ಶಾಸ್ತ್ರಜ್ಞರು ಈ ತತ್ವವನ್ನು ಬಿಟ್ಟು ಬರಿಯ ವ್ಯಾಟುಗಳನ್ನು ಎಣಿಸುತ್ತ ಕುಳಿತಿರುವುದರಿಂದಲೇ ಅವರ ಲೆಕ್ಕ ಕಾಗದದ ಮೇಲೆ ಸರಿಬರುತ್ತದೆ, ಮೀಟರಿನಲ್ಲಿ ಬರುವುದಿಲ್ಲ.

ಪ್ರತಿಜ್ಞೆಗೆ ಪರಂಪರೆಯ ಬೆಂಬಲ ಹೇರಳವಾಗಿದೆ. ಕನ್ನಡ ಶಾಸನಗಳಲ್ಲಿ ನಂದಾದೀವಿಗೆಗೆಂದು ಬಿಟ್ಟ ದತ್ತಿಗಳು ಮತ್ತೆ ಮತ್ತೆ ಬರುತ್ತವೆ. ಗಾಣದಿಂದ ಸಲ್ಲಬೇಕಾದ ಎಣ್ಣೆಯ ಪ್ರಮಾಣವನ್ನೂ, ಅದಕ್ಕೆ ಅಳುಪಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಇಂದಿನ ಇಂಧನ ಲೆಕ್ಕಪರಿಶೋಧನೆಗೆ ಇಷ್ಟು ಬಿಗಿ ಇನ್ನೂ ಬಂದಿಲ್ಲ. ಆ ದೀಪದಲ್ಲಿ ಯಾರೂ ಓದಬೇಕಾಗಿರಲಿಲ್ಲ. ಒಳಗೆ ದೇವರಿದ್ದಾನೆಂದು ಹೊರಗಿದ್ದವರಿಗೆ ತಿಳಿದರೆ ಸಾಕಾಗಿತ್ತು. ಮುಂದೆ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದಾಗ ನಂದಾದೀವಿಗೆಯ ವಿಧಿ ಕೊಠಡಿ ಕೊಠಡಿಗೂ ಅನ್ವಯವಾಯಿತು. ಅದೇ ಸೌಧಕ್ಕೆ ಭಾನುವಾರದ ಮತ್ತು ರಜೆಯ ಸಂಜೆಗಳಲ್ಲಿ, ಅಂದರೆ ಒಳಗೆ ಒಂದು ಕಡತವೂ ಅಲುಗದ ಹೊತ್ತಿನಲ್ಲಿ, ದೀಪಾಲಂಕಾರ ಮಾಡುವ ಸಂಪ್ರದಾಯವಿದೆ. ಸುಮಾರು ಲಕ್ಷ ಬಲ್ಬುಗಳ ಮೈಸೂರು ಅರಮನೆ ಬೆಳಗುವುದೂ ಮುಖ್ಯವಾಗಿ ಇಂಥ ಸಂಜೆಗಳಲ್ಲೇ. ದೀಪಕ್ಕೂ ಕೆಲಸಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವನ್ನು ಚಾರ್ವಾಕರೂ ಕೇಳಲಾರರು. ವ್ಯತಿರೇಕ ದೃಷ್ಟಾಂತವೂ ಹತ್ತಿರದಲ್ಲೇ, ವಿಧಾನಸೌಧದ ಮುಂದಿನ ರಸ್ತೆಯ ಆಚೆ ಬದಿಯಲ್ಲಿದೆ. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಕಟ್ಟಿ ಮುಗಿದದ್ದು 1868ರಲ್ಲಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದು 1905ರಲ್ಲಿ. ನಡುವಿನ ಮೂವತ್ತೇಳು ವರ್ಷ ಹದಿನೆಂಟು ಇಲಾಖೆಗಳು ಎತ್ತರದ ಕಿಟಕಿಗಳನ್ನೇ ನೆಚ್ಚಿಕೊಂಡು ರಾಜ್ಯಭಾರದ ಕಾಗದ ಬರೆದವು. ಸೂರ್ಯನನ್ನು ಯಾವ ಸಾಹೇಬರೂ ತಮ್ಮ ಹೆಸರಿನಲ್ಲಿ ಹೊತ್ತಿಸಿಟ್ಟು ಹೋಗುವಂತಿರಲಿಲ್ಲ. ಆ ದೋಷ ನಿವಾರಣೆಯಾದ ಮೇಲೆ, ಕಿಟಕಿಗಳಿಗೆ ಉಕ್ಕಿನ ಬೀರುಗಳನ್ನು ಅಡ್ಡ ಇಟ್ಟು ಹಗಲು ಬೆಳಕನ್ನು ಶಾಶ್ವತವಾಗಿ ಕಡತಕ್ಕೆ ಸೇರಿಸಲಾಯಿತು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ದೀಪ ಯಾತಕ್ಕಾದರೂ ಉರಿಯಲಿ, ಎಲ್‌ಇಡಿ ಹಾಕಿದರೆ ಖರ್ಚು ಇಳಿಯುವುದಿಲ್ಲವೆ? ಇಳಿಯುತ್ತದೆ, ಗಣಿತಕ್ಕೆ ಎದುರಾಡುವುದು ಪಂಡಿತರಿಗೆ ತರವಲ್ಲ. ಹಳೆಯ 40 ವ್ಯಾಟಿನ ಟ್ಯೂಬು ತನ್ನ ಚೋಕಿನ ಸುಮಾರು 12 ವ್ಯಾಟನ್ನೂ ಸೇರಿಸಿಕೊಂಡು 52 ನುಂಗುತ್ತಿತ್ತು. ಅದರ ಜಾಗಕ್ಕೆ ಬಂದ ಎಲ್‌ಇಡಿ ಟ್ಯೂಬಿಗೆ 20 ಸಾಕು. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 250 ದಿನ ಎಂದು ಹಿಡಿದರೆ 130 ಯೂನಿಟ್ಟಿನ ಕಡೆ 50 ಯೂನಿಟ್. ಬಿಳಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಸಂದಿತು. 2015ರ ಜನವರಿಯಲ್ಲಿ ಭಾರತ ಸರ್ಕಾರ ಉಜಾಲಾ ಯೋಜನೆಯನ್ನೇ ಆರಂಭಿಸಿ ಬಲ್ಬುಗಳನ್ನು ಕೋಟಿಗಟ್ಟಲೆ ಹಂಚಿಸಿತು. ಎಲ್ಲ ಸರಿ. ಆದರೆ ದೀಪವು ಹಾಜರಾತಿಯ ಸಾಧನವೆಂಬ ನಮ್ಮ ಪ್ರತಿಜ್ಞೆಯನ್ನು ಒಪ್ಪಿದವರಿಗೆ ಈ ಅಂಕಿಗಳ ಅರ್ಥ ಬೇರೆಯಾಗಿ ಕಾಣುತ್ತದೆ. 130 ಯೂನಿಟ್ ಬೀಳುತ್ತಿದ್ದ ಗೈರುಹಾಜರಿ ಈಗ 50 ಯೂನಿಟ್ಟಿಗೆ ಸಿಗುತ್ತಿದೆ. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಕಲ್ಲಿದ್ದಲ ಬಗ್ಗೆ ಬರೆಯುತ್ತ, ಉಗಿಯಂತ್ರಗಳು ಮಿತವ್ಯಯ ಕಲಿತಷ್ಟೂ ಕಲ್ಲಿದ್ದಲ ಬಳಕೆ ಹೆಚ್ಚುತ್ತದೆಯೆಂದು ತೋರಿಸಿಕೊಟ್ಟಿದ್ದ. ಅವನ ಸೂತ್ರವನ್ನು ಇಲ್ಲಿಗೆ ತಂದರೆ ಉಪಪತ್ತಿ ತಾನಾಗಿ ಹೊರಡುತ್ತದೆ: ಅಗ್ಗವಾದದ್ದರ ಬೇಡಿಕೆ ಏರುತ್ತದೆ. ಒಂದು ದೀಪವಿದ್ದ ಕೊಠಡಿಗೆ ಮೂರು ಬರುತ್ತವೆ. ಇಲ್ಲದ ಒಬ್ಬರನ್ನು ಸಾರುತ್ತಿದ್ದ ವಿದ್ಯುತ್ತಿನಲ್ಲಿ ಈಗ ಇಲ್ಲದ ಇಬ್ಬರೂವರೆ ಮಂದಿಯನ್ನು ಸಾರಬಹುದು. ಪಂಚತಾರಾ ಗುರುತನ್ನು ಬಲ್ಬಿಗೆ ಕೊಡುವ ಬದಲು ಕುರ್ಚಿಗೆ ಕೊಡಬೇಕಾಗಿತ್ತೆಂಬ ಸಲಹೆ ಇಲ್ಲಿ ಅಪ್ರಸ್ತುತವಲ್ಲ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಜಾಣತನದ್ದು. ಮನುಷ್ಯರಿದ್ದಾಗ ಮಾತ್ರ ದೀಪ ಹೊತ್ತುವ ಸೆನ್ಸಾರ್ ಕೂರಿಸಿದರೆ ದೀಪವು ಸುಳ್ಳು ಸಾಕ್ಷಿ ಹೇಳುವುದೇ ನಿಲ್ಲುತ್ತದಲ್ಲ ಎಂದು ಅವರು ಕೇಳುತ್ತಾರೆ. ಈ ಯಂತ್ರದ ಜ್ಞಾನಮೀಮಾಂಸೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಸಾಮಾನ್ಯವಾಗಿ ಬಳಸುವ ಸೆನ್ಸಾರು ಮನುಷ್ಯನನ್ನು ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಮೈಯಿಂದ ಹೊಮ್ಮುವ ಅತಿಗೆಂಪು ಕಿರಣ. ಅದೂ ಆ ಶಾಖ ತನ್ನ ನೋಟದ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿದಾಗ ಮಾತ್ರ. ಚಲಿಸುವ ಬಿಸಿಯೇ ಅದರ ಪ್ರಮೇಯ. ಹೀಗಾಗಿ ತಲೆಯೆತ್ತದೆ ಟಿಪ್ಪಣಿ ಬರೆಯುತ್ತ ಕುಳಿತ ಗುಮಾಸ್ತೆ ಹತ್ತು ಹದಿನೈದು ನಿಮಿಷದಲ್ಲಿ ಅದರ ಪಾಲಿಗೆ ಅಸತ್ತಾಗುತ್ತಾಳೆ, ಕತ್ತಲಾಗುತ್ತದೆ. ಆಕೆ ಅಸ್ತಿತ್ವಕ್ಕೆ ಮರಳಬೇಕಾದರೆ ಕೈ ಬೀಸಬೇಕು. ಟೀಗೆ ಹೊರಟು, ನಡುವೆ ತುಟ್ಟಿಭತ್ಯೆಯ ಸುದ್ದಿ ಹೇಳಿ, ಮರೆತ ಕನ್ನಡಕಕ್ಕೆಂದು ಮತ್ತೆ ಒಳಬಂದವರ ಮೇಲೆ ಮಾತ್ರ ಬೆಳಕು ಎಡೆಬಿಡದೆ ಸುರಿಯುತ್ತದೆ. ರೆಕಾರ್ಡು ಕೋಣೆಯ ಬೆಕ್ಕಿಗೂ ಬಿಸಿಯುಂಟು, ಚಲನೆಯುಂಟು. ಕಚೇರಿಯ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿರಬೇಕೆಂಬ ಮಾನದಂಡವನ್ನು ಹೀಗೆ ಕೆಲಸಗಳ್ಳರೂ ಬೆಕ್ಕುಗಳೂ ಸೇರಿ ಪಾಲಿಸಿದಂತಾಗುತ್ತದೆ. ಸೆನ್ಸಾರನ್ನು ಸೂಕ್ಷ್ಮಗೊಳಿಸಬಹುದು, ಅಲ್ಟ್ರಾಸಾನಿಕ್ ಬಗೆಯದನ್ನು ಜೋಡಿಸಬಹುದು ಎಂದು ತಯಾರಕರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಟೆಂಡರಿನಲ್ಲಿ ಗೆಲ್ಲುವುದು ಕಡಿಮೆ ದರ.

ಸೆನ್ಸಾರ್ ಬೇಡ, ಇಡೀ ಕಟ್ಟಡವನ್ನು ಒಂದು ಕಂಪ್ಯೂಟರಿಗೆ ಒಪ್ಪಿಸೋಣ ಎನ್ನುವವರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲ್‌ಬ್ರಹಾಮ್ ಎಂಬ ಊರಿನ ಮಿನ್ನೆಚಾಗ್ ಪ್ರೌಢಶಾಲೆ ಉತ್ತರ. ಇಂಧನ ಉಳಿಸಲೆಂದೇ ಅಲ್ಲಿ ದೀಪಗಳ ಆಡಳಿತವನ್ನು ತಂತ್ರಾಂಶಕ್ಕೆ ವಹಿಸಿದ್ದರು. 2021ರ ಆಗಸ್ಟಿನಲ್ಲಿ ಅದು ಕೆಟ್ಟಿತು. ಕೆಟ್ಟಾಗ ಎಲ್ಲ ದೀಪ ಹೊತ್ತಿರತಕ್ಕದ್ದೆಂಬುದು ಅದರೊಳಗಿನ ವಿಧಿಯಾಗಿದ್ದರಿಂದ ಸುಮಾರು 7000 ದೀಪಗಳು ಹಗಲು ರಾತ್ರಿ ಉರಿದವು. ಬಿಡಿಭಾಗ ಬರುವುದು ತಡವಾಗಿ ಒಂದೂವರೆ ವರ್ಷದ ಹತ್ತಿರ ಆರಿಸಲಾಗಲಿಲ್ಲ. ಪಾಠದ ಪರದೆ ಕಾಣಲೆಂದು ಶಿಕ್ಷಕರು ಕೈಗೆಟುಕಿದ ಬಲ್ಬುಗಳನ್ನು ತಿರುಚಿ ಬಿಚ್ಚುತ್ತಿದ್ದರು. ಯಂತ್ರ ಸಂದೇಹ ಬಂದಾಗ ಏನು ಮಾಡಿತೋ ಅದನ್ನೇ ನಮ್ಮ ಜವಾನ ಯಾವ ತಂತ್ರಾಂಶವೂ ಇಲ್ಲದೆ ಮಾಡುತ್ತಾನೆ: ಸಾಹೇಬರು ಬಂದರೂ ಬರಬಹುದೆಂದು ದೀಪ ಹಾಕಿಡುತ್ತಾನೆ. ಎಡೆಬಿಡದೆ ಉರಿಯುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಅಗ್ನಿಶಾಮಕ ದಳದಲ್ಲಿ 1901ರಿಂದ ಒಂದೇ ಬಲ್ಬು ಉರಿಯುತ್ತ ಬಂದಿದೆ, ನಡುವೆ ನಿಂತದ್ದು ಅಪರೂಪ. ಈಗ ಅದು ಎಳೆಯುವುದು ನಾಲ್ಕು ವ್ಯಾಟಿನಷ್ಟು. ಆ ಬಲ್ಬಿನ ಅಡಿಯಿಂದ ಜನ ಹೊರಗೋಡುವುದು ಎಲ್ಲೋ ಬೆಂಕಿ ಬಿದ್ದಾಗ. ನಮ್ಮಲ್ಲಿ ಅಂಥ ಓಟ ಐದೂವರೆಗೆ ಕಾಣಿಸುತ್ತದೆ.

ಹಾಗಾದರೆ ಸಿದ್ಧಾಂತವೇನು? ಸೆನ್ಸಾರುಗಳು ಹೇಗೂ ಬರಲಿವೆ, ಗೈರುಹಾಜರಿಯೂ ಉಳಿಯಲಿದೆ. ಎರಡಕ್ಕೂ ಸಮನ್ವಯ ಸಾಧಿಸುವುದು ಶಾಸ್ತ್ರದ ಧರ್ಮ. ಸುಮ್ಮನೆ ಕುಳಿತ ಆಳು ಸುಮಾರು 100 ವ್ಯಾಟಿನಷ್ಟು ಶಾಖ ಬಿಡುತ್ತಾನೆ. ಹಳೆಯ 100 ವ್ಯಾಟಿನ ಬುರುಡೆ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಶಾಖವೇ ಆಗಿ ಹೋಗುತ್ತದೆ. ಅಂದಮೇಲೆ ಕುರ್ಚಿಯ ಮೇಲಿನ ಕೋಟಿನೊಳಗೆ ಅಂಥದೊಂದು ಬಲ್ಬು ಇಳಿಬಿಟ್ಟರೆ ಬಿಸಿ ಸಿಕ್ಕಿತು. ಮೇಲಿನ ಫ್ಯಾನಿನಿಂದ ಅಲುಗಾಟ ಸಿಕ್ಕಿತು. ಸೆನ್ಸಾರಿಗೆ ಸಾಹೇಬರು ಸಿಕ್ಕಿದರು. ವರ್ಷಕ್ಕೆ ಬಲ್ಬಿನ 250 ಯೂನಿಟ್, ಎಲ್‌ಇಡಿಯ 50, ಒಟ್ಟು 300 ಆಗಿ ಹಳೆಯ ಟ್ಯೂಬಿನ ಎರಡರಷ್ಟನ್ನೂ ಮೀರುತ್ತದಲ್ಲ ಎಂದು ಆಕ್ಷೇಪಿಸುವವರು ಉಳಿತಾಯದ ವರದಿಯಲ್ಲಿ ದೀಪದ ಕಾಲಂ ಮಾತ್ರ ಇದೆಯೆಂಬುದನ್ನು ಮರೆಯುತ್ತಾರೆ. ಕೋಟು ಹೊತ್ತಿಕೊಂಡೀತೆಂಬ ಭಯವುಳ್ಳವರು 60 ವ್ಯಾಟಿನದನ್ನು ಬಳಸಬಹುದು. ಹೊತ್ತಿಕೊಂಡೇ ಬಿಟ್ಟರೆ ಬಾಕಿ ಕಡತಗಳ ವಿಲೇವಾರಿ ಎಷ್ಟು ಬೇಗ ಆಗುತ್ತದೆಂಬುದು ಬೇರೊಂದು ಅಧ್ಯಯನಕ್ಕೆ ವಸ್ತು. ಎಲ್‌ಇಡಿಗೆ ಜಾಗ ಬಿಟ್ಟುಕೊಟ್ಟ ಬುರುಡೆ ಬಲ್ಬುಗಳು ಕಂಡೆಮ್ ಆಗದೆ ಉಗ್ರಾಣದಲ್ಲಿ ಇದ್ದೇ ಇವೆ. ಇನ್ನು ಬಗೆಹರಿಯಬೇಕಾದದ್ದು ಕೋಟಿನ ಖರ್ಚನ್ನು ವಿದ್ಯುತ್ ಉಪಕರಣಗಳ ಲೆಕ್ಕ ಶೀರ್ಷಿಕೆಗೆ ಹಾಕಬೇಕೋ, ಸಿಬ್ಬಂದಿ ವೆಚ್ಚಕ್ಕೋ ಎಂಬುದಷ್ಟೆ.