ದೇವಸುಗೂರಿನ ಕಟ್ಟೆಗೂ ಬೀದಿದೀಪಕ್ಕೂ ಇರುವ ಸಂಬಂಧ: ಒಂದು ಶಾಸ್ತ್ರೀಯ ವಿವೇಚನೆ

ಈ ಅಧ್ಯಯನಕ್ಕೆ ಕೃಷ್ಣೆಯ ದಂಡೆಯ ದೇವಸುಗೂರನ್ನು ಆರಿಸಿಕೊಂಡದ್ದಕ್ಕೆ ಬಲವಾದ ಕಾರಣವಿದೆ. ಮಗ್ಗುಲಲ್ಲೇ ಶಕ್ತಿನಗರ. ಅಲ್ಲಿ 1985ರಿಂದ ಕಲ್ಲಿದ್ದಲು ಸುಡುತ್ತ ಬಂದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಎಂಟು ಘಟಕ, 1720 ಮೆಗಾವಾಟ್ ಸಾಮರ್ಥ್ಯ. ಬೆಳಕು ಹುಟ್ಟುವ ಜಾಗದಲ್ಲೇ ಬೆಳಕಿನ ಸಾಮಾಜಿಕ ಪರಿಣಾಮ ಅಳೆಯದೆ ಇನ್ನೆಲ್ಲಿ ಅಳೆಯಬೇಕು? ಈ ತರ್ಕಕ್ಕೆ ಯಾವ ಹಿರಿಯ ವಿದ್ವಾಂಸರೂ ಆಕ್ಷೇಪ ಎತ್ತಿಲ್ಲ. ಅವರನ್ನು ಕೇಳಿಲ್ಲ ಎಂಬುದು ಬೇರೆ ಮಾತು.

ಮೊದಲು ಪೂರ್ವಪಕ್ಷ. ಬೆಳಕಿದ್ದಲ್ಲಿ ಜನ ಸೇರುತ್ತಾರೆ ಎಂಬುದು ಅವರ ವಾದ. ರಾಯಚೂರು ಪೇಟೆಯ ತೀನ್ ಕಂದೀಲ್ ವೃತ್ತ ಅವರ ಆಧಾರ. ದೀಪದ ಹೆಸರನ್ನೇ ಹೊತ್ತ ಆ ವೃತ್ತವನ್ನು ಸಂಜೆ ಹೊತ್ತು ಭುಜಕ್ಕೆ ಭುಜ ತಾಗಿಸದೆ ದಾಟಲಾಗದು, ನಿಜ. ಆದರೆ ಮಟಮಟ ಮಧ್ಯಾಹ್ನವೂ ದಾಟಲಾಗದು. ಇದನ್ನು ಪೂರ್ವಪಕ್ಷದವರು ಜಾಣತನದಿಂದ ನುಂಗಿಕೊಂಡಿದ್ದಾರೆ.

ಇನ್ನು ಸಿದ್ಧಾಂತ. ಹೈಮಾಸ್ಟ್ ಕಂಬದ ನೇರ ಬುಡದಲ್ಲಿ ಯಾರೂ ಕೂಡುವುದಿಲ್ಲ. ಅಲ್ಲಿ ಇರುವವು ಒಂದು ನಾಯಿ, ಎರಡು ಬೈಕು, ಉದ್ಘಾಟನೆಯ ಕಲ್ಲು. ಆ ಕಲ್ಲಿನ ಸಮಾರಂಭ ನಡೆದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಕಣ್ಣು ಕುಕ್ಕುವ ಬಿಸಿಲಲ್ಲಿ. ಸ್ವಿಚ್ ಒತ್ತಿದಾಗ ದೀಪ ಹತ್ತಿತೋ ಇಲ್ಲವೋ ನೋಡಿದವರಿಲ್ಲವಾದರೂ ಚಪ್ಪಾಳೆ ಮಾತ್ರ ಬಿದ್ದಿತು. ಕಟ್ಟೆಯ ಹಿರಿಯರು ಕೂಡುವುದು ಬೆಳಕು ಸೋತು ನೆರಳಿಗೆ ದಾರಿ ಬಿಡುವ ಅಂಚಿನಲ್ಲಿ. ಭೌತಶಾಸ್ತ್ರವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲುವ ಒಂದು ದೀಪದ ಕಂಬದಿಂದ ಅದರ ಎತ್ತರದಷ್ಟೇ ದೂರ ಸರಿದು ನಿಂತರೆ, ನೆಲಕ್ಕೆ ಬೀಳುವ ಬೆಳಕು ಬುಡದಲ್ಲಿದ್ದುದರ ಶೇ 35ಕ್ಕೆ ಇಳಿಯುತ್ತದೆ. ಕೈಗಡ ಕೇಳಲು ಪ್ರಶಸ್ತವಾದ ಪ್ರಮಾಣ ಇದೇ. ಕೇಳುವವನ ಮುಖ ಗುರುತು ಸಿಗಬೇಕು, ಕೊಡಲಾರೆ ಎನ್ನುವವನ ಮುಖ ಪೂರ್ತಿ ಕಾಣಬಾರದು. ಹೆಣ್ಣಿನ ಕಡೆಯವರ ಆಸ್ತಿ ವಿಚಾರಣೆ, ದಾಯಾದಿಗಳ ಬದುವಿನ ವ್ಯಾಜ್ಯ, ಪಂಚಾಯ್ತಿ ಸದಸ್ಯನ ಮೇಲಿನ ಸಿಟ್ಟು ಎಲ್ಲವೂ ಈ ಶೇ 35ರ ವಲಯದಲ್ಲೇ ಬಗೆಹರಿಯುತ್ತವೆ, ಇಲ್ಲವೇ ನಾಳೆಗೆ ಮುಂದೂಡಲ್ಪಡುತ್ತವೆ.

ಬೆಳಕಿನ ಬಣ್ಣದ ಬಗ್ಗೆಯೂ ಒಂದು ಮಾತು. ಹಳೆಯ ಸೋಡಿಯಂ ದೀಪದ ಅರಿಶಿನ ಬೆಳಕಿನಲ್ಲಿ ಎಲ್ಲರ ಅಂಗಿಯೂ ಒಂದೇ ಬಣ್ಣ. ಸಮಾನತೆಗೆ ಇಷ್ಟು ಅಗ್ಗದ ಸಾಧನ ಇನ್ನೊಂದಿರಲಿಲ್ಲ. ಅದರ ಜಾಗಕ್ಕೆ ಬಿಳಿ ಎಲ್‌ಇಡಿ ಬಂದ ಮೇಲೆ ಹರಿದ ಕಾಲರು, ಹಾರುಬೂದಿ ಕೂತ ತಲೆಗೂದಲು ಎಲ್ಲವೂ ಬಯಲಾದವು. ಸೂಗೂರೇಶ್ವರನ ಜಾತ್ರೆಗೆ ಬರುವ ಬಳೆಗಾರರಿಗೆ ಮಾತ್ರ ಇದರಿಂದ ಲಾಭ. ಸೋಡಿಯಂ ದೀಪದಡಿ ಕೆಂಪು ಬಳೆಯೂ ಹಸಿರು ಬಳೆಯೂ ಒಂದೇ ಮಬ್ಬು ಬಣ್ಣಕ್ಕೆ ಇಳಿಯುವುದರಿಂದ ಅಂಗಡಿಗೊಂದು ಬಿಳಿ ಬಲ್ಬು ತಾವೇ ಕಟ್ಟಿಕೊಳ್ಳಬೇಕಾಗುತ್ತಿತ್ತು.

ಮಾನ್ವಿ ಕಡೆಯ ದತ್ತಾಂಶ ಸಿದ್ಧಾಂತಕ್ಕೆ ಇನ್ನಷ್ಟು ಬಲ ಕೊಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಗದ್ದೆಯ ಜಿಗಿಹುಳುಗಳೆಲ್ಲ ವೃತ್ತದ ದೀಪಕ್ಕೆ ವಲಸೆ ಬರುತ್ತವೆ. ಮಿರ್ಚಿ ಬಂಡಿಯವನು ಎಣ್ಣೆ ಸವರಿದ ಪೇಪರನ್ನು ಬಲ್ಬಿನ ಪಕ್ಕ ತೂಗುಬಿಟ್ಟು ಹುಳು ಹಿಡಿಯುತ್ತಾನೆ. ಪೇಪರು ಕಪ್ಪಾಗಿ, ಕಡಲೆಹಿಟ್ಟಿನ ಬೋಗುಣಿಯಲ್ಲಿ ಜೀರಿಗೆಗಿಂತ ಹುಳು ಹೆಚ್ಚೆನಿಸಿದಾಗ ಬಲ್ಬನ್ನೇ ಆರಿಸುತ್ತಾನೆ. ಗಿರಾಕಿಗಳು ಕದಲುವುದಿಲ್ಲ. ಕತ್ತಲಲ್ಲಿ ಮಂಡಾಳ ಒಗ್ಗರಣೆ ನಿಶ್ಚಿಂತೆಯಾಗಿ ಒಳಗಿಳಿಯುತ್ತದೆ.

ನಿಜವಾದ ಪ್ರಯೋಗ ನಡೆಯುವುದು ಬೇಸಿಗೆಯ ರಾತ್ರಿ ಕರೆಂಟು ಹೋದಾಗ. ಫ್ಯಾನು ನಿಂತ ಐದೇ ನಿಮಿಷಕ್ಕೆ ಓಣಿಗೆ ಓಣಿಯೇ ಹೊರಗೆ. ಟಿ.ವಿ.ಯ ಮುಂದೆ ತಿಂಗಳುಗಟ್ಟಲೆ ಮೌನವಾಗಿದ್ದ ಅಣ್ಣತಮ್ಮಂದಿರು ಮಾತಾಡತೊಡಗುತ್ತಾರೆ. ದೂರದ ಚಿಮಣಿಯ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಅದನ್ನು ನೋಡಿ ಒಬ್ಬ, 'ಮೂರನೇ ಯುನಿಟ್ ಟ್ರಿಪ್ ಆಗಿರಬೇಕು' ಎಂದರೆ ಇನ್ನೊಬ್ಬ, 'ಅಲ್ಲಪ್ಪಾ, ಬಾಯ್ಲರ್ ಟ್ಯೂಬ್ ಲೀಕ್ ಆಗ್ಯಾದ' ಎಂದು ತಿದ್ದುತ್ತಾನೆ. ಸ್ಥಾವರದ ವಿದ್ಯುತ್ತು ಹೈಟೆನ್ಷನ್ ತಂತಿ ಹಿಡಿದು ಗ್ರಿಡ್‌ಗೆ ಹೋಗಿ, ಉಪಕೇಂದ್ರಗಳಲ್ಲಿ ಇಳಿದಿಳಿದು, 11 ಕೆ.ವಿ. ಫೀಡರಿನಲ್ಲಿ ಊರಿಗೆ ಮರಳುತ್ತದೆ. ಅಸಲು ದೋಷ ಓಣಿಯ ಟಿ.ಸಿ.ಯ ಸುಟ್ಟ ಫ್ಯೂಸಿನಲ್ಲಿರಬಹುದು. ಇದನ್ನು ವಿವರಿಸಲು ಹೋದ ಸಂಶೋಧಕನನ್ನು ಕಟ್ಟೆ ಕನಿಕರದಿಂದ ನೋಡಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ ತಲುಪಿದ್ದು 1905ರಲ್ಲಿ ಎಂದಾಗ ಮಾತ್ರ ಒಬ್ಬರು ತಲೆಯಾಡಿಸಿದರು: 'ಮತ್ತ, ರೊಕ್ಕ ಇದ್ದಲ್ಲಿಗೇ ಹೋಗ್ತದ.'

ಹೆಂಗಸರು ಕಟ್ಟೆಯ ಮೇಲೆ ಕೂಡದ ಕಾರಣ ಅವರ ಅಭಿಪ್ರಾಯ ಅಧ್ಯಯನದ ವ್ಯಾಪ್ತಿಗೆ ಬರಲಿಲ್ಲ. ರಾತ್ರಿ ಬಸ್ಸಿಳಿದು ಬರುತ್ತಿದ್ದ ಒಬ್ಬಾಕೆ, 'ಅರೆಬೆಳಕಿನ್ಯಾಗ ಭಾಳ ಚಂದ ಮಾತಾಡ್ತೀರಂತ, ಆ ಬೆಳಕು ನಮ್ಮ ಸ್ಟಾಪಿಗೆ ಹಚ್ಚರಿ' ಎಂದದ್ದನ್ನು ವಿಧಾನಶಾಸ್ತ್ರದ ಶಿಸ್ತಿಗಾಗಿ ಕೈಬಿಡಲಾಗಿದೆ. ಸಿದ್ಧಾಂತ ಇಡೀ ಕುಸಿಯುವಷ್ಟು ದೊಡ್ಡ ಬಿರುಕು ಇದೇ ಆದ್ದರಿಂದ ಕೈಬಿಡುವುದು ಅನಿವಾರ್ಯವೂ ಆಗಿತ್ತು.

ಕೊನೆಯದು, ಹಗಲುದೀಪ. ಬೀದಿದೀಪ ಅತಿ ಹೆಚ್ಚು ಮಾತು ಹುಟ್ಟಿಸುವುದು ನಡುಮಧ್ಯಾಹ್ನ ಉರಿಯುವಾಗ. ಅಪರಿಚಿತರೂ ನಿಂತು, ಮೇಲೆ ನೋಡಿ, 'ಹಗಲಿಗೇ ಉರೀಲಿಕ್ಕತ್ಯಾದ ನೋಡ್ರಿ' ಎನ್ನುತ್ತಾರೆ. ಅಲ್ಲಿಂದ ಮಾತು ಬಿಲ್ಲಿಗೆ, ಬಿಲ್ಲಿನಿಂದ ಸರಕಾರಕ್ಕೆ, ಸರಕಾರದಿಂದ ಚಹಾಕ್ಕೆ. ಹೀಗಾಗಿ ದೀಪಗಳನ್ನು ಹಗಲು ಉರಿಸಿ ರಾತ್ರಿ ಆರಿಸಬೇಕೆಂಬುದು ಈ ಪ್ರಬಂಧದ ಶಿಫಾರಸು. ಕರಡನ್ನು ಕಟ್ಟೆಯಲ್ಲಿ ಓದಿದಾಗ ಹಿರಿಯರೊಬ್ಬರು ಪೂರ್ತಿ ಕೇಳಿ ಒಂದೇ ತಿದ್ದುಪಡಿ ಸೂಚಿಸಿದರು: 'ಎಲ್ಲಾ ಖರೆ ಅದ ಸರ್. ಆ ಕಂಬದ ಸ್ವಿಚ್ಚು ಯಾರ ಕಡೆ ಅದ ಅನ್ನೋದೊಂದು ಬರದ್ರಿ ಅಂದ್ರ ನಮಗೂ ಉಪಯೋಗ ಆಗ್ತಿತ್ತು.'